ಕರುಳಿನ ಉರಿಯೂತ ಕಾಯಿಲೆ: ದೇಹದ ರಕ್ಷಣಾ ಸಂಕೇತಗಳ ಪಾತ್ರ ಹಾಗೂ ಚಿಕಿತ್ಸೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಾಯಿಲೆಯ ಪರಿಚಯ

ಕರುಳಿನ ಉರಿಯೂತ ಕಾಯಿಲೆ ಎಂಬ ಹೆಸರಿನ ಅಡಿಯಲ್ಲಿ ಮುಖ್ಯವಾಗಿ ಎರಡು ರೋಗಗಳನ್ನು ಪರಿಗಣಿಸಲಾಗುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಗಳನ್ನುಂಟುಮಾಡುವ ರೋಗವಾಗಿದ್ದು, ಸಾಮಾನ್ಯವಾಗಿ ಗುದನಾಳದಿಂದ ಆರಂಭಗೊಂಡು ಮೇಲ್ಮುಖವಾಗಿ ಹರಡುತ್ತದೆ. ಕ್ರೋನ್ಸ್ ಕಾಯಿಲೆಯು ಬಾಯಿಯಿಂದ ಗುದದ್ವಾರದವರೆಗೆ ಜೀರ್ಣಾಂಗದ ಯಾವುದೇ ಭಾಗದಲ್ಲಿ ಕಾಣಿಸಿಕೊಳ್ಳಬಹುದಾದರೂ, ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇದು ಕರುಳಿನ ಗೋಡೆಯ ಪೂರ್ಣ ದಪ್ಪವನ್ನು ವ್ಯಾಪಿಸುವುದರಿಂದ ಕಾಲಾನಂತರದಲ್ಲಿ ಕರುಳು ಕಿರಿದಾಗುವುದು, ಗುದದ ಬಳಿ ಭಗಂದರ ಉಂಟಾಗುವುದು ಮೊದಲಾದ ತೊಡಕುಗಳಿಗೆ ದಾರಿಯಾಗುತ್ತದೆ.

ನಾಲ್ಕು ವಾರಗಳಿಗೂ ಮೀರಿದ ಭೇದಿ, ಮಲದಲ್ಲಿ ರಕ್ತ ಅಥವಾ ಲೋಳೆ, ನಿದ್ರೆಯಿಂದ ಎಚ್ಚರಗೊಳಿಸಿ ಶೌಚಕ್ಕೆ ಹೋಗುವಂತೆ ಮಾಡುವ ಒತ್ತಡ, ಹೊಟ್ಟೆನೋವು, ತೂಕ ಇಳಿಯುವುದು, ಮಕ್ಕಳಲ್ಲಿ ಬೆಳವಣಿಗೆ ಕುಂಠಿತಗೊಳ್ಳುವುದು ಪ್ರಮುಖ ಲಕ್ಷಣಗಳು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದೋ ಆಮಶಂಕೆಯೆಂದೋ ಭಾವಿಸಿ ತಿಂಗಳುಗಟ್ಟಲೆ ಔಷಧ ಅಂಗಡಿಯ ಮಾತ್ರೆಗಳಲ್ಲಿಯೇ ಕಾಲ ಕಳೆಯುವುದು ಸಾಮಾನ್ಯವಾಗಿದ್ದು, ಇದು ರೋಗನಿರ್ಣಯವನ್ನು ವಿಳಂಬಗೊಳಿಸುತ್ತದೆ.

ಈ ಕಾಯಿಲೆಯು ಅಂಟುರೋಗವಲ್ಲ. "ದೇಹಕ್ಕೆ ಉಷ್ಣವಾಗಿದೆ" ಎಂಬ ವಾಡಿಕೆಯ ಮಾತಿಗಾಗಲಿ, ಖಾರದ ಊಟಕ್ಕಾಗಲಿ ಇದರ ಮೂಲವನ್ನು ಆರೋಪಿಸಲು ಬರುವುದಿಲ್ಲ. ರೋಗನಿರೋಧಕ ಶಕ್ತಿ ಕುಂದಿರುವುದರಿಂದ ಬಂದಿದೆ ಎಂಬ ನಂಬಿಕೆಯೂ ಸರಿಯಲ್ಲ. ವಂಶವಾಹಿ, ಪರಿಸರ ಹಾಗೂ ಕರುಳಿನ ಸೂಕ್ಷ್ಮಜೀವಿಗಳು ಸೇರಿದ ಕಾರಣಗಳಿಂದ ರೋಗನಿರೋಧಕ ವ್ಯವಸ್ಥೆಯ ಕೋಶಗಳು ಪರಸ್ಪರ ಕಳುಹಿಸುವ ಸಂಕೇತಗಳು ನಿಲ್ಲಬೇಕಾದಾಗ ನಿಲ್ಲದಿರುವುದೇ ಇಲ್ಲಿನ ತೊಂದರೆ. ಆ ಸಂಕೇತಗಳ ಸ್ವರೂಪವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇದನ್ನು ಸಾರ್ವಜನಿಕರು ತಿಳಿಯುವ ಅಗತ್ಯವೇನೆಂದರೆ, ಚಿಕಿತ್ಸೆ ಆರಂಭಿಸುವ ಮೊದಲು ಸೂಚಿಸಲಾಗುವ ಎದೆಯ ಕ್ಷ-ಕಿರಣ, ಕ್ಷಯರೋಗದ ಪರೀಕ್ಷೆ, ಯಕೃತ್ತಿನ ವೈರಾಣುಗಳ ಪರೀಕ್ಷೆ ಮುಂತಾದವುಗಳನ್ನು ಅನೇಕರು ಕಡತ ತುಂಬಿಸುವ ಔಪಚಾರಿಕತೆಯೆಂದು ಪರಿಗಣಿಸಿ ಬಿಟ್ಟುಬಿಡುತ್ತಾರೆ. ಅವು ಔಪಚಾರಿಕತೆಗಳಲ್ಲ. ಕರುಳಿಗೆ ಹಾನಿ ಮಾಡುವ ಅಣುವೇ ಅದೇ ದೇಹದಲ್ಲಿ ಕ್ಷಯದ ರೋಗಾಣುವನ್ನು ಕಟ್ಟಿಹಾಕಿಯೂ ಇರಬಹುದು.

ಸಂಕೇತವಾಹಕ ಅಣುಗಳು ಎಂದರೇನು

ರೋಗನಿರೋಧಕ ಕೋಶಗಳಿಗೆ ಕಣ್ಣು, ಕಿವಿಗಳಿಲ್ಲ. ಒಂದು ಕೋಶವು ಅಪಾಯವನ್ನು ಗುರುತಿಸಿದಾಗ ಅತಿ ಸಣ್ಣ ಪ್ರಮಾಣದ ಪ್ರೋಟೀನನ್ನು ಹೊರಸೂಸುತ್ತದೆ. ಆ ಪ್ರೋಟೀನಿಗೆ ಹೊಂದುವ ಗ್ರಾಹಕವುಳ್ಳ ಇತರ ಕೋಶಗಳು ಅದನ್ನು ಸ್ವೀಕರಿಸಿ ತಮ್ಮ ನಡವಳಿಕೆಯನ್ನು ಬದಲಿಸಿಕೊಳ್ಳುತ್ತವೆ. ಇಂತಹ ಪ್ರೋಟೀನುಗಳಿಗೆ ಸೈಟೊಕೈನ್‌ಗಳೆಂದು ಹೆಸರು. ಹಿಂದೆ ಗ್ರಾಮಗಳಲ್ಲಿ ಡಂಗುರ ಸಾರಿ ಜನರನ್ನು ಸೇರಿಸುತ್ತಿದ್ದ ರೀತಿಗೆ ಇದನ್ನು ಹೋಲಿಸಬಹುದು. ಜನ ಸೇರಲು ಒಂದು ಡಂಗುರ ಬೇಕು. ಅಪಾಯ ಕಳೆಯಿತು, ಎಲ್ಲರೂ ಮನೆಗೆ ತೆರಳಿ ಎಂದು ಸಾರಲು ಇನ್ನೊಂದು ಬೇಕು. ಇವುಗಳಲ್ಲಿ ಹಲವಕ್ಕೆ ಇಂಟರ್‌ಲ್ಯೂಕಿನ್ ಎಂಬ ಹೆಸರಿನೊಂದಿಗೆ ಕ್ರಮಸಂಖ್ಯೆಯನ್ನು ನೀಡಲಾಗಿದೆ. ಕ್ರಮಸಂಖ್ಯೆಯು ಕಂಡುಹಿಡಿದ ಅನುಕ್ರಮವನ್ನು ಸೂಚಿಸುತ್ತದೆಯೇ ಹೊರತು ಮಹತ್ವವನ್ನಲ್ಲ.

ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಸಂಕ್ಷಿಪ್ತವಾಗಿ ಟಿ.ಎನ್.ಎಫ್., ಈ ಗುಂಪಿನಲ್ಲಿ ಹೆಚ್ಚು ಪರಿಚಿತವಾದುದು. 1975ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಇಲಿಗಳ ಗಡ್ಡೆಗಳನ್ನು ಕೊಳೆಯಿಸುವ ಅಂಶವೊಂದನ್ನು ರಕ್ತದ್ರವದಲ್ಲಿ ಗುರುತಿಸಿ ಈ ಹೆಸರನ್ನಿಟ್ಟರು. ಔಷಧದ ಚೀಟಿಯಲ್ಲಿ ಟ್ಯೂಮರ್ ಎಂಬ ಪದವನ್ನು ಕಂಡು ತಮಗೆ ಕ್ಯಾನ್ಸರ್ ಇದೆಯೆಂದು ರೋಗಿಗಳು ಗಾಬರಿಗೊಳ್ಳುವುದುಂಟು. ಆ ಗಾಬರಿಗೆ ಕಾರಣವಿಲ್ಲ. ಹಳೆಯ ಹೆಸರು ಉಳಿದುಕೊಂಡಿದೆ, ಅಷ್ಟೇ.

ಆರೋಗ್ಯವಂತ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಅವುಗಳಿಗೂ ದೇಹಕ್ಕೂ ನಡುವೆ ಇರುವುದು ಒಂದು ಲೋಳೆಯ ಹೊದಿಕೆ ಮತ್ತು ಒಂದೇ ಒಂದು ಕೋಶದಷ್ಟು ದಪ್ಪದ ಒಳಪದರ ಮಾತ್ರ. ಅದರ ಕೆಳಗೆ ದೇಹದ ರೋಗನಿರೋಧಕ ಕೋಶಗಳ ಬಹುದೊಡ್ಡ ಭಾಗವು ನೆಲೆಸಿದೆ. ಇಷ್ಟು ಹತ್ತಿರದಲ್ಲಿದ್ದೂ ದಿನನಿತ್ಯ ಕದನ ನಡೆಯದಿರಲು ಸಮಾಧಾನದ ಸಂಕೇತಗಳೇ ಕಾರಣ. ಇಂಟರ್‌ಲ್ಯೂಕಿನ್-10 ಅವುಗಳಲ್ಲಿ ಮುಖ್ಯವಾದುದು. 1993ರಲ್ಲಿ ಜರ್ಮನಿಯ ಕೊಲೋನ್ ನಗರದ ಸಂಶೋಧಕರು ಈ ಅಣುವನ್ನು ತಯಾರಿಸಲಾಗದ ಇಲಿಗಳನ್ನು ಬೆಳೆಸಿದಾಗ ಅವುಗಳಿಗೆ ದೀರ್ಘಕಾಲೀನ ಕರುಳಿನ ಉರಿಯೂತ ಉಂಟಾಯಿತು. ಸೂಕ್ಷ್ಮಜೀವಿಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದಾಗ ಅಂತಹ ಇಲಿಗಳಿಗೆ ರೋಗ ಬರಲಿಲ್ಲವೆಂದು 1998ರಲ್ಲಿ ವರದಿಯಾಯಿತು. ಎಂದರೆ ರೋಗಕ್ಕೆ ಸೂಕ್ಷ್ಮಜೀವಿಯೂ ಬೇಕು, ಅದನ್ನು ಸಹಿಸಿಕೊಳ್ಳಲು ಹೇಳುವ ಸಂಕೇತದ ಕೊರತೆಯೂ ಬೇಕು. 2009ರಲ್ಲಿ ಮನುಷ್ಯರಲ್ಲಿಯೂ ಇದಕ್ಕೆ ನಿದರ್ಶನ ದೊರೆಯಿತು. ಹುಟ್ಟಿದ ಮೊದಲ ವರ್ಷದಲ್ಲಿಯೇ ತೀವ್ರ ಕರುಳಿನ ಉರಿಯೂತಕ್ಕೆ ಒಳಗಾದ ಕೆಲವು ಮಕ್ಕಳಲ್ಲಿ ಈ ಸಂಕೇತವನ್ನು ಸ್ವೀಕರಿಸುವ ಗ್ರಾಹಕದ ವಂಶವಾಹಿಯೇ ದೋಷಪೂರಿತವಾಗಿತ್ತು. ಅವರಲ್ಲೊಬ್ಬ ರೋಗಿಗೆ ರಕ್ತದ ಆಕರಕೋಶಗಳ ಕಸಿ ಮಾಡಿದ ನಂತರ ಕಾಯಿಲೆ ಶಮನಗೊಂಡಿತು. ಆದುದರಿಂದ ಎರಡು ವರ್ಷದೊಳಗಿನ ಶಿಶುವಿನಲ್ಲಿ ಈ ಕಾಯಿಲೆ ಕಂಡುಬಂದಲ್ಲಿ ವಂಶವಾಹಿ ಪರೀಕ್ಷೆಯ ಸೌಲಭ್ಯವುಳ್ಳ ಉನ್ನತ ಆಸ್ಪತ್ರೆಗೆ ಕಳುಹಿಸುವುದು ಅವಶ್ಯ.

ಸಂಕೇತ ನಿಲ್ಲದಿದ್ದಾಗ ಆಗುವುದೇನು

ಒಳಪದರದಲ್ಲಿ ಬಿರುಕು ಉಂಟಾಗಿ ಸೂಕ್ಷ್ಮಜೀವಿಗಳ ಅಂಶಗಳು ಒಳಸೇರಿದಾಗ, ಅಲ್ಲಿನ ಮ್ಯಾಕ್ರೋಫೇಜ್ ಮುಂತಾದ ಕಾವಲು ಕೋಶಗಳು ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-1, 6, 12 ಮತ್ತು 23ನ್ನು ಹೊರಸೂಸುತ್ತವೆ. 12 ಮತ್ತು 23ರ ಪ್ರಭಾವದಿಂದ ಟಿ ಲಸಿಕಾಕೋಶಗಳು ಪ್ರಚೋದಿತವಾಗಿ ಇಂಟರ್‌ಫೆರಾನ್-ಗ್ಯಾಮಾ, ಇಂಟರ್‌ಲ್ಯೂಕಿನ್-17 ಹಾಗೂ ಇನ್ನಷ್ಟು ಟಿ.ಎನ್.ಎಫ್. ಅನ್ನು ಬಿಡುಗಡೆ ಮಾಡುತ್ತವೆ. ಟಿ.ಎನ್.ಎಫ್. ರಕ್ತನಾಳಗಳ ಒಳಮೈಯನ್ನು ಅಂಟುವಂತೆ ಮಾಡಿ, ಹಾದುಹೋಗುವ ಬಿಳಿ ರಕ್ತಕಣಗಳನ್ನು ಅಲ್ಲಿಯೇ ತಡೆದು ಕರುಳಿನ ಗೋಡೆಯೊಳಕ್ಕೆ ಎಳೆದುಕೊಳ್ಳುತ್ತದೆ. ಇದೇ ಅಣುವು ಒಳಪದರದ ಕೋಶಗಳ ನಡುವಿನ ಬಿಗಿಯಾದ ಬೆಸುಗೆಯನ್ನೂ ಸಡಿಲಿಸುತ್ತದೆ. ಬೆಸುಗೆ ಸಡಿಲವಾದಷ್ಟೂ ಸೂಕ್ಷ್ಮಜೀವಿಗಳು ಒಳಸೇರುತ್ತವೆ. ಅವು ಸೇರಿದಷ್ಟೂ ಸಂಕೇತ ಜೋರಾಗುತ್ತದೆ. ರೋಗವು ವರ್ಷಾನುಗಟ್ಟಲೆ ತನ್ನನ್ನು ತಾನೇ ಉಳಿಸಿಕೊಳ್ಳುವುದು ಈ ಸುತ್ತಿನಿಂದಲೇ.

ವಂಶವಾಹಿಯ ಪಾತ್ರವೂ ಇದೆ. ಇಂಟರ್‌ಲ್ಯೂಕಿನ್-23ರ ಗ್ರಾಹಕದ ಒಂದು ಅಪರೂಪದ ರೂಪಾಂತರವನ್ನು ಹೊಂದಿರುವವರಿಗೆ ಕ್ರೋನ್ಸ್ ಕಾಯಿಲೆ ಬರುವ ಸಂಭವ ಕಡಿಮೆಯೆಂದು 2006ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಆ ಸಂಕೇತ ಕ್ಷೀಣವಾಗಿದ್ದರೆ ರಕ್ಷಣೆ ದೊರೆಯುತ್ತದೆಂಬ ಈ ಸುಳಿವು ಮುಂದಿನ ಔಷಧಗಳಿಗೆ ಬಲ ನೀಡಿತು.

ಪ್ರಯೋಗಾಲಯದ ವರದಿ ಹೇಳುವುದೇನು

ಸೈಟೊಕೈನ್‌ಗಳನ್ನು ನೇರವಾಗಿ ಅಳೆಯುವ ರಕ್ತಪರೀಕ್ಷೆ ಈ ಕಾಯಿಲೆಯ ನಿರ್ಣಯಕ್ಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ದುಬಾರಿಯಾದ ಇಂತಹ ಪರೀಕ್ಷೆಗಳ ಜಾಹೀರಾತುಗಳನ್ನು ನೋಡಿ ಸ್ವಂತ ನಿರ್ಧಾರದಿಂದ ಮಾಡಿಸಿಕೊಳ್ಳುವುದು ಹಣದ ವ್ಯಯ. ಆದರೆ ಸಾಧಾರಣ ವರದಿಗಳಲ್ಲಿಯೇ ಈ ಅಣುಗಳ ಹೆಜ್ಜೆಗುರುತುಗಳು ಇರುತ್ತವೆ.

ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ತಲುಪಿದಾಗ ಅಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ತಯಾರಾಗುತ್ತದೆ, ಸಿ.ಆರ್.ಪಿ. ಎಂದು ವರದಿಯಲ್ಲಿ ನಮೂದಾಗುವುದು ಇದೇ. ಅದೇ ಇಂಟರ್‌ಲ್ಯೂಕಿನ್-6 ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ಇನ್ನೊಂದು ಅಂಶವನ್ನೂ ಹೊರಡಿಸುತ್ತದೆ. ಹೆಪ್ಸಿಡಿನ್ ಹೆಚ್ಚಾದಾಗ ಕರುಳು ಕಬ್ಬಿಣಾಂಶವನ್ನು ಹೀರಿಕೊಳ್ಳುವುದಿಲ್ಲ, ದೇಹದಲ್ಲಿ ಸಂಗ್ರಹವಿರುವ ಕಬ್ಬಿಣಾಂಶವೂ ರಕ್ತಕ್ಕೆ ಬಿಡುಗಡೆಯಾಗುವುದಿಲ್ಲ. ರಕ್ತಹೀನತೆಗೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಸೇವಿಸಿದರೂ ಹಿಮೋಗ್ಲೋಬಿನ್ ಏರದಿರುವ ಮಹಿಳೆಯರಲ್ಲಿ, ಜೊತೆಗೆ ಹೊಟ್ಟೆಯ ತೊಂದರೆಯೂ ಇದ್ದರೆ, ಮಾತ್ರೆ ಸರಿಯಾಗಿ ಸೇವಿಸುತ್ತಿಲ್ಲವೆಂದು ಅವರನ್ನು ದೂರುವ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸುವುದು ಸೂಕ್ತ. ಉರಿಯೂತ ತೀವ್ರವಾಗಿರುವಾಗ ಕಬ್ಬಿಣಾಂಶವನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ.

ಇಂಟರ್‌ಲ್ಯೂಕಿನ್-8ರ ಕರೆಗೆ ಓಗೊಟ್ಟು ಕರುಳಿಗೆ ಬರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕ್ಯಾಲ್ಪ್ರೊಟೆಕ್ಟಿನ್ ಎಂಬ ಅಂಶವನ್ನು ಮಲದಲ್ಲಿ ಬಿಡುತ್ತವೆ. ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆಯಿಂದ ನಿಜವಾದ ಉರಿಯೂತವನ್ನೂ, ಐ.ಬಿ.ಎಸ್. ಎಂದು ಕರೆಯಲಾಗುವ, ಹುಣ್ಣುಗಳಿಲ್ಲದ ಕರುಳಿನ ಕಿರಿಕಿರಿಯನ್ನೂ ಬಹುಮಟ್ಟಿಗೆ ಬೇರ್ಪಡಿಸಬಹುದು. ಆದರೆ ಕ್ಷಯ ಹಾಗೂ ಇತರ ಸೋಂಕುಗಳಲ್ಲಿಯೂ ಇದರ ಪ್ರಮಾಣ ಏರುವುದರಿಂದ, ಕೊಲೊನೋಸ್ಕೋಪಿ ಮತ್ತು ಬಯಾಪ್ಸಿಗೆ ಇದು ಬದಲಿಯಲ್ಲ.

ಜ್ವರ, ಹಸಿವು ಇಲ್ಲದಿರುವುದು, ಸ್ನಾಯು ಕರಗುವುದು, ಮಕ್ಕಳು ಎತ್ತರ ಬೆಳೆಯದಿರುವುದು ಇವೆಲ್ಲವೂ ಕೇವಲ ಆಹಾರದ ಕೊರತೆಯಿಂದಲ್ಲ, ಟಿ.ಎನ್.ಎಫ್. ಹಾಗೂ ಇಂಟರ್‌ಲ್ಯೂಕಿನ್-6 ರಕ್ತದ ಮೂಲಕ ದೇಹದಾದ್ಯಂತ ಸಂಚರಿಸುವುದರಿಂದಲೂ ಉಂಟಾಗುತ್ತವೆ. ಮಗು ಊಟ ಮಾಡುವುದಿಲ್ಲವೆಂದು ಗದರಿಸುವ ಪಾಲಕರು ಇದನ್ನು ಗಮನಿಸಬೇಕಾಗಿ ಕೋರಲಾಗಿದೆ.

ಔಷಧಗಳ ಬೆಳವಣಿಗೆ

ಹಳೆಯ ಔಷಧಗಳು ಯಾವುದೇ ಒಂದು ಸಂಕೇತವನ್ನು ಗುರಿಯಾಗಿಸಿಕೊಂಡಿರಲಿಲ್ಲ. ಸಲ್ಫಸಲಜೀನ್ 1940ರ ದಶಕದಿಂದಲೂ ಬಳಕೆಯಲ್ಲಿದ್ದು, ಅದರ ವರ್ಗಕ್ಕೆ ಸೇರಿದ ಮೆಸಲಮೀನ್ ಸೌಮ್ಯ ಹಾಗೂ ಮಧ್ಯಮ ಪ್ರಮಾಣದ ಅಲ್ಸರೇಟಿವ್ ಕೊಲೈಟಿಸ್‌ಗೆ ಮೊದಲ ಆಯ್ಕೆಯಾಗಿದೆ. ಹೆಚ್ಚಿನ ರೋಗಿಗಳಿಗೆ ಮುಂದೆ ವಿವರಿಸಲಾಗುವ ದುಬಾರಿ ಚುಚ್ಚುಮದ್ದುಗಳ ಅಗತ್ಯವೇ ಬೀಳುವುದಿಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳಿತು. ಸ್ಟಿರಾಯ್ಡ್‌ಗಳು ಹಲವು ಸಂಕೇತಗಳನ್ನು ಒಟ್ಟಿಗೆ ಅಡಗಿಸುವುದರಿಂದ ಬೇಗನೆ ಪರಿಹಾರ ನೀಡುತ್ತವೆ. ಆ ಬೇಗನೆಯ ಪರಿಹಾರವೇ ಅಪಾಯಕ್ಕೂ ಕಾರಣ: ಹಳೆಯ ಚೀಟಿಯನ್ನು ತೋರಿಸಿ ಪದೇ ಪದೇ ಸ್ಟಿರಾಯ್ಡ್ ಮಾತ್ರೆ ಕೊಳ್ಳುವವರು ಮೂಳೆ ಸವೆತ, ಮಧುಮೇಹ, ಕಣ್ಣಿನ ಪೊರೆ ಹಾಗೂ ಸೋಂಕುಗಳಿಗೆ ಗುರಿಯಾಗುತ್ತಾರೆ. ಸ್ಟಿರಾಯ್ಡ್ ದೀರ್ಘಕಾಲದ ಔಷಧವಲ್ಲ. ಹಠಾತ್ತಾಗಿ ನಿಲ್ಲಿಸುವ ಔಷಧವೂ ಅಲ್ಲ.

ಒಂದೇ ಸಂಕೇತವನ್ನು ತಡೆಯುವ ಚಿಕಿತ್ಸೆಯ ಆರಂಭವನ್ನು 1993ಕ್ಕೆ ಗುರುತಿಸಬಹುದು. ಆ ವರ್ಷ ನೆದರ್ಲೆಂಡ್ಸ್ ದೇಶದ ಆಂಸ್ಟರ್‌ಡ್ಯಾಂ ನಗರದ ವೈದ್ಯರು, ಇತರ ಔಷಧಗಳಿಗೆ ಬಗ್ಗದ ಕ್ರೋನ್ಸ್ ಕಾಯಿಲೆಯಿಂದ ಬಳಲುತ್ತಿದ್ದ 13 ವರ್ಷದ ಬಾಲಕಿಗೆ ಟಿ.ಎನ್.ಎಫ್. ಅನ್ನು ಬಂಧಿಸುವ ಪ್ರತಿಕಾಯವನ್ನು ನೀಡಿ, ಆಕೆಯ ಸ್ಥಿತಿ ಸುಧಾರಿಸಿದುದನ್ನು ವರದಿ ಮಾಡಿದರು. ನಂತರ ಇನ್‌ಫ್ಲಿಕ್ಸಿಮ್ಯಾಬ್ ಎಂದು ಹೆಸರಾದ ಈ ಔಷಧದ 108 ರೋಗಿಗಳ ಪರೀಕ್ಷೆಯ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಪ್ರತಿ ಕಿಲೋ ತೂಕಕ್ಕೆ 5 ಮಿ.ಗ್ರಾಂ. ಪಡೆದವರಲ್ಲಿ ಶೇ. 81ರಷ್ಟು ಮಂದಿ ನಾಲ್ಕು ವಾರಗಳಲ್ಲಿ ಸುಧಾರಿಸಿದರೆ, ಔಷಧವಿಲ್ಲದ ದ್ರವ ಪಡೆದವರಲ್ಲಿ ಸುಧಾರಿಸಿದವರು ಶೇ. 17 ಮಾತ್ರ. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕ್ರೋನ್ಸ್ ಕಾಯಿಲೆಗೆ, 2005ರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ಗೆ ಇದನ್ನು ಅನುಮೋದಿಸಿತು.

ಅಡಲಿಮ್ಯುಮ್ಯಾಬ್ ಕೂಡ ಟಿ.ಎನ್.ಎಫ್. ತಡೆಯುವ ಔಷಧ. ಉಸ್ಟೆಕಿನ್ಯುಮ್ಯಾಬ್ ಇಂಟರ್‌ಲ್ಯೂಕಿನ್-12 ಮತ್ತು 23 ಎರಡಕ್ಕೂ ಸಮಾನವಾದ ಭಾಗವನ್ನು ಬಂಧಿಸುತ್ತದೆ. ಕ್ರೋನ್ಸ್ ಕಾಯಿಲೆಗೆ ಇದರ ಬಳಕೆ 2016ರಿಂದ. 23ನ್ನು ಮಾತ್ರ ತಡೆಯುವ ರಿಸಂಕಿಜ಼ುಮ್ಯಾಬ್ 2022ರಲ್ಲಿ ಅನುಮೋದನೆ ಪಡೆಯಿತು. ಟೊಫಾಸಿಟಿನಿಬ್ ಬೇರೆ ಬಗೆಯದು: ಇದು ಕೋಶದ ಹೊರಗಿನ ಸಂಕೇತವನ್ನು ಹಿಡಿಯದೆ, ಹಲವು ಸೈಟೊಕೈನ್‌ಗಳ ಸಂದೇಶವನ್ನು ಕೋಶದ ಒಳಗೆ ಸಾಗಿಸುವ ಜಾಕ್ ಎಂಬ ಕಿಣ್ವಗಳನ್ನು ತಡೆಯುತ್ತದೆ. ಮಾತ್ರೆಯ ರೂಪದಲ್ಲಿ ದೊರೆಯುವುದರಿಂದ ಇದನ್ನು ಸುಲಭದ ಔಷಧವೆಂದು ಭಾವಿಸತಕ್ಕದ್ದಲ್ಲ. ಸರ್ಪಸುತ್ತು ಬರುವ ಸಂಭವವಿದೆ; ರಕ್ತ ಹೆಪ್ಪುಗಟ್ಟುವ ಸಂಭವವೂ ಇರುವುದರಿಂದ 2021ರಲ್ಲಿ ಇದರ ಮೇಲಿನ ಎಚ್ಚರಿಕೆಯನ್ನು ಅಮೆರಿಕದಲ್ಲಿ ಬಿಗಿಗೊಳಿಸಲಾಯಿತು.

ಬೆಲೆಯೇ ನಮ್ಮಲ್ಲಿ ದೊಡ್ಡ ತಡೆ. ಮೂಲ ಔಷಧಕ್ಕೆ ಸಮಾನವಾದ, ಬಯೋಸಿಮಿಲರ್ ಎಂದು ಕರೆಯಲಾಗುವ ತಯಾರಿಕೆಗಳು ಈ ಹೊರೆಯನ್ನು ಸ್ವಲ್ಪ ತಗ್ಗಿಸಿವೆ. ಅಡಲಿಮ್ಯುಮ್ಯಾಬ್‌ನ ಇಂತಹ ತಯಾರಿಕೆ 2014ರ ಡಿಸೆಂಬರ್‌ನಲ್ಲಿ ಭಾರತದಲ್ಲಿಯೇ ಮೊದಲು ಮಾರುಕಟ್ಟೆಗೆ ಬಂದಿತು. ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್ ತಯಾರಿಸುವ ಉಸ್ಟೆಕಿನ್ಯುಮ್ಯಾಬ್ ಬಯೋಸಿಮಿಲರ್‌ಗೆ 2024ರ ಕೊನೆಯಲ್ಲಿ ಅಮೆರಿಕದ ಅನುಮೋದನೆ ದೊರೆತಿದೆ.

ನಿರೀಕ್ಷೆ ಸುಳ್ಳಾದ ಪ್ರಸಂಗಗಳು

ಹಾನಿಕಾರಕ ಸಂಕೇತವನ್ನು ತಡೆದರೆ ಸಾಕು, ಸಮಾಧಾನದ ಸಂಕೇತವನ್ನು ಹೊರಗಿನಿಂದ ನೀಡಿದರೆ ಸಾಕು ಎಂಬ ಲೆಕ್ಕಾಚಾರ ಎಲ್ಲೆಡೆ ಸರಿಹೋಗಲಿಲ್ಲ. ಇಂಟರ್‌ಲ್ಯೂಕಿನ್-10ನ್ನು ಚುಚ್ಚುಮದ್ದಾಗಿ ನೀಡಿದ ಪ್ರಯೋಗಗಳು 2000ದ ಸುಮಾರಿಗೆ ಹೇಳಿಕೊಳ್ಳುವಂತಹ ಫಲ ನೀಡದೆ ಮುಗಿದವು. ಕೀಲುವಾತಕ್ಕೆ ಉತ್ತಮವಾಗಿ ಕೆಲಸ ಮಾಡುವ, ಟಿ.ಎನ್.ಎಫ್. ಅನ್ನೇ ಬಂಧಿಸುವ ಎಟನರ್ಸೆಪ್ಟ್ ಕ್ರೋನ್ಸ್ ಕಾಯಿಲೆಯಲ್ಲಿ ಪ್ರಯೋಜನವಿಲ್ಲದ್ದೆಂದು 2001ರಲ್ಲಿ ತಿಳಿಯಿತು.

ಇವೆಲ್ಲಕ್ಕಿಂತ ಗಂಭೀರವಾದುದು ಇಂಟರ್‌ಲ್ಯೂಕಿನ್-17ರ ಪ್ರಸಂಗ. ಉರಿಯುತ್ತಿರುವ ಕರುಳಿನಲ್ಲಿ ಈ ಅಣು ಹೇರಳವಾಗಿರುವುದರಿಂದ ಅದನ್ನು ತಡೆಯುವ ಸೆಕುಕಿನ್ಯುಮ್ಯಾಬ್ ಫಲಕಾರಿಯಾಗಬಹುದೆಂದು ನಿರೀಕ್ಷಿಸಲಾಗಿತ್ತು. 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ನಿಷ್ಪ್ರಯೋಜಕವಾದುದಲ್ಲದೆ, ಔಷಧ ಪಡೆದವರಲ್ಲಿ ಅಡ್ಡಪರಿಣಾಮಗಳೂ ಹೆಚ್ಚಾದವು. ಇಂಟರ್‌ಲ್ಯೂಕಿನ್-17 ಕರುಳಿನ ಒಳಪದರದ ಬೆಸುಗೆಯನ್ನು ಕಾಪಾಡುವ ಕೆಲಸವನ್ನೂ ಮಾಡುತ್ತದೆಂಬುದು ಇದಕ್ಕೆ ನೀಡಲಾಗುವ ವಿವರಣೆ. ಸೋರಿಯಾಸಿಸ್ ಅಥವಾ ಬೆನ್ನುಹುರಿಯ ಕೀಲುವಾತಕ್ಕಾಗಿ ಈ ವರ್ಗದ ಔಷಧ ಪಡೆಯುತ್ತಿರುವವರು ತಮಗೆ ಅಥವಾ ಕುಟುಂಬದವರಿಗೆ ಕರುಳಿನ ಉರಿಯೂತ ಕಾಯಿಲೆ ಇದ್ದಲ್ಲಿ, ಇಲ್ಲವೇ ಹೊಸದಾಗಿ ರಕ್ತಭೇದಿ ಆರಂಭವಾದಲ್ಲಿ, ಚರ್ಮ ಅಥವಾ ಕೀಲು ತಜ್ಞರಿಗೆ ಕಡ್ಡಾಯವಾಗಿ ತಿಳಿಸತಕ್ಕದ್ದು.

ಟಿ.ಎನ್.ಎಫ್. ತಡೆಯುವ ಔಷಧಗಳಿಗೆ ಮೂರನೆಯ ಒಂದು ಭಾಗದವರೆಗಿನ ರೋಗಿಗಳು ಮೊದಲಿನಿಂದಲೇ ಸ್ಪಂದಿಸದಿರಬಹುದು. ಇನ್ನು ಕೆಲವರಲ್ಲಿ ದೇಹವು ಔಷಧದ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸಿ ಅದನ್ನು ನಿಷ್ಫಲಗೊಳಿಸುತ್ತದೆ. ಹಣ ಕೂಡಿದಾಗ ಒಂದು, ಇಲ್ಲದಾಗ ಬಿಟ್ಟು ಹೀಗೆ ಅನಿಯತವಾಗಿ ಪಡೆಯುವುದರಿಂದ ಈ ಸಂಭವ ಹೆಚ್ಚುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಆರಂಭದ ದಿನ, 2ನೇ ಹಾಗೂ 6ನೇ ವಾರ, ಅನಂತರ ಸಾಮಾನ್ಯವಾಗಿ 8 ವಾರಗಳಿಗೊಮ್ಮೆ ನೀಡಲಾಗುವ ಔಷಧ. ಮುಂದಿನ ಕಂತುಗಳಿಗೆ ಹಣದ ವ್ಯವಸ್ಥೆ ಹೇಗೆಂಬುದನ್ನು ಮೊದಲ ಕಂತಿಗೆ ಮುನ್ನವೇ ವೈದ್ಯರೊಂದಿಗೆ ಸಂಕೋಚವಿಲ್ಲದೆ ಚರ್ಚಿಸುವುದು ಮೇಲು.

ಕ್ಷಯರೋಗ: ಎರಡು ಎಚ್ಚರಿಕೆಗಳು

1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಜ಼್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ವೈದ್ಯರು ಈ ಕಾಯಿಲೆಯನ್ನು ವಿವರಿಸಿದಾಗಲೂ, ಅವರು ಮೊದಲು ಸ್ಪಷ್ಟಪಡಿಸಬೇಕಾಗಿದ್ದುದು ಇದು ಕರುಳಿನ ಕ್ಷಯವಲ್ಲ ಎಂಬುದನ್ನು. ಭಾರತದಲ್ಲಿ ಈ ಪ್ರಶ್ನೆ ಪ್ರತಿ ರೋಗಿಯಲ್ಲಿಯೂ ಮತ್ತೆ ಎದುರಾಗುತ್ತದೆ. ಎರಡೂ ರೋಗಗಳು ಸಣ್ಣ ಕರುಳಿನ ಕೊನೆಯ ಭಾಗವನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಎರಡರಲ್ಲಿಯೂ ಹುಣ್ಣು, ಕರುಳು ಕಿರಿದಾಗುವಿಕೆ, ತೂಕ ಇಳಿಕೆ ಇರುತ್ತವೆ. ಎರಡರ ಬಯಾಪ್ಸಿಯಲ್ಲಿಯೂ ಗ್ರಾನುಲೋಮಾ ಎಂಬ ಕೋಶಗಳ ಗಂಟು ಕಾಣಬಹುದು. ಬಯಾಪ್ಸಿಯ ತುಣುಕನ್ನು ಕ್ಷಯದ ರೋಗಾಣುವಿಗಾಗಿ ಜೀನ್‌ಎಕ್ಸ್‌ಪರ್ಟ್ ಮತ್ತು ಕಲ್ಚರ್ ಪರೀಕ್ಷೆಗೆ ಒಳಪಡಿಸಿದರೂ ಕರುಳಿನ ಕ್ಷಯದಲ್ಲಿ ಅನೇಕ ಬಾರಿ ರೋಗಾಣು ಸಿಗುವುದಿಲ್ಲ. ಸಂಶಯ ಉಳಿದಾಗ ಮೊದಲು ಕ್ಷಯದ ಔಷಧಗಳನ್ನು ನೀಡಿ, ಎರಡು-ಮೂರು ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ಪರಿಶೀಲಿಸುವ ಕ್ರಮ ದೇಶದಲ್ಲಿ ರೂಢಿಯಲ್ಲಿದೆ. ಎರಡನೆಯ ಕೊಲೊನೋಸ್ಕೋಪಿಯನ್ನು ತಪ್ಪಿಸಿಕೊಳ್ಳುವುದು ಸರಿಯಲ್ಲ. ರೋಗಿಗೆ ಸ್ವಲ್ಪ ಹಾಯೆನಿಸಿದ್ದು ಕ್ಷಯವೇ ಆಗಿತ್ತೆಂಬುದಕ್ಕೆ ಪುರಾವೆಯಾಗದು. ಹುಣ್ಣು ಮಾಗದಿದ್ದರೆ ಅದು ಕ್ರೋನ್ಸ್ ಆಗಿರಬಹುದು, ಔಷಧಕ್ಕೆ ಬಗ್ಗದ ಕ್ಷಯವೂ ಆಗಿರಬಹುದು.

ಇನ್ನೊಂದು ಎಚ್ಚರಿಕೆ ಟಿ.ಎನ್.ಎಫ್.ಗೆ ನೇರವಾಗಿ ಸಂಬಂಧಿಸಿದುದು. ಕ್ಷಯದ ರೋಗಾಣು ದೇಹವನ್ನು ಸೇರಿದ ಹೆಚ್ಚಿನವರಿಗೆ ರೋಗ ಬರುವುದಿಲ್ಲ. ಮ್ಯಾಕ್ರೋಫೇಜ್‌ಗಳು ಅದರ ಸುತ್ತ ಗೋಡೆ ಕಟ್ಟಿ ಗಂಟಿನೊಳಗೆ ಬಂಧಿಸುತ್ತವೆ. ಅದು ಅಲ್ಲಿ ದಶಕಗಳ ಕಾಲ ಸುಪ್ತವಾಗಿರಬಲ್ಲದು. ಭಾರತದಲ್ಲಿ 2019-21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಶೇ. 31ರಷ್ಟು ಮಂದಿಗೆ ಇಂತಹ ಸೋಂಕು ಇದೆ. ಈ ಗೋಡೆಯನ್ನು ಕಟ್ಟಿ ನಿಲ್ಲಿಸುವ ಸಂಕೇತಗಳಲ್ಲಿ ಟಿ.ಎನ್.ಎಫ್. ಮುಖ್ಯವಾದುದು. ಕರುಳಿನ ಹುಣ್ಣನ್ನು ಮಾಗಿಸಲು ಅದನ್ನು ತಡೆದಾಗ ಶ್ವಾಸಕೋಶದಲ್ಲೋ ಬೇರೆಲ್ಲೋ ಇರುವ ಆ ಗೋಡೆಯೂ ಸಡಿಲಗೊಳ್ಳುತ್ತದೆ.

ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳನ್ನು 2001ರಲ್ಲಿ ಪ್ರಕಟಿಸಲಾಯಿತು. ಇವರಲ್ಲಿ 48 ಮಂದಿಗೆ ಮೂರು ಅಥವಾ ಅದಕ್ಕಿಂತ ಕಡಿಮೆ ಕಂತುಗಳ ನಂತರವೇ ರೋಗ ಬಂದಿತ್ತು. 40 ಮಂದಿಯಲ್ಲಿ ಅದು ಶ್ವಾಸಕೋಶದ ಹೊರಗಿನ ಅಂಗಗಳಲ್ಲಿತ್ತು. ಎಂದರೆ ಕೆಮ್ಮು, ಕಫ ಇಲ್ಲದೆಯೂ ರೋಗವಿರಬಹುದು. ಅಂದಿನಿಂದ ಈ ಔಷಧಗಳಿಗೆ ಮುನ್ನ ಕ್ಷಯದ ತಪಾಸಣೆ ಎಲ್ಲೆಡೆ ನಿಯಮವಾಗಿದೆ.

ತಪಾಸಣೆಯಲ್ಲಿ ಹಿಂದೆ ಕ್ಷಯಕ್ಕೆ ಚಿಕಿತ್ಸೆ ಪಡೆದ ಅಥವಾ ಮನೆಯಲ್ಲಿ ಕ್ಷಯರೋಗಿ ಇದ್ದ ವಿವರ, ಎದೆಯ ಕ್ಷ-ಕಿರಣ, ಮತ್ತು ಮ್ಯಾಂಟೂ ಚರ್ಮ ಪರೀಕ್ಷೆ ಅಥವಾ ಇಗ್ರಾ ರಕ್ತ ಪರೀಕ್ಷೆ ಸೇರಿವೆ. ಸ್ಟಿರಾಯ್ಡ್ ಅಥವಾ ಅಜ಼ಥಯೋಪ್ರಿನ್ ಸೇವಿಸುತ್ತಿರುವವರಲ್ಲಿ ಈ ಪರೀಕ್ಷೆಗಳು ಸೋಂಕು ಇದ್ದರೂ ಇಲ್ಲವೆಂದು ತೋರಿಸುವ ಸಂಭವವಿರುವುದರಿಂದ, ಸಾಧ್ಯವಿದ್ದಲ್ಲಿ ಅವುಗಳನ್ನು ಆರಂಭಿಸುವ ಮೊದಲೇ ಮಾಡಿಸುವುದು ಉತ್ತಮ. ಸುಪ್ತ ಸೋಂಕು ಕಂಡುಬಂದಲ್ಲಿ ತಡೆ ಚಿಕಿತ್ಸೆ ನೀಡಿ, ಸಾಮಾನ್ಯವಾಗಿ ಕನಿಷ್ಠ ಒಂದು ತಿಂಗಳ ನಂತರ ಟಿ.ಎನ್.ಎಫ್. ತಡೆಯುವ ಔಷಧವನ್ನು ಆರಂಭಿಸಲಾಗುತ್ತದೆ. ಮನೆಯವರ ಕ್ಷಯದ ವಿಚಾರವನ್ನು ನಾಚಿಕೆಯಿಂದ ಮುಚ್ಚಿಡುವುದು ರೋಗಿಯ ಪ್ರಾಣಕ್ಕೆ ಕುತ್ತಾಗಬಹುದು. ಪರೀಕ್ಷೆಗಳೆಲ್ಲ ಸರಿಯಾಗಿದ್ದವರಲ್ಲಿಯೂ ಚಿಕಿತ್ಸೆಯ ಅವಧಿಯಲ್ಲಿ ಸಂಜೆಯ ಜ್ವರ, ರಾತ್ರಿ ಬೆವರು, ಕುತ್ತಿಗೆಯ ಗಂಟು, ಎರಡು ವಾರ ಮೀರಿದ ಕೆಮ್ಮು ಅಥವಾ ಹೊಟ್ಟೆ ಉಬ್ಬರ ಕಂಡಲ್ಲಿ, ಮುಂದಿನ ಕಂತನ್ನು ಪಡೆಯುವ ಮೊದಲು ವೈದ್ಯರನ್ನು ಕಾಣತಕ್ಕದ್ದು.

ಹೆಪಟೈಟಿಸ್-ಬಿ ವೈರಾಣುವಿಗೂ ಇದೇ ಮಾತು ಅನ್ವಯಿಸುತ್ತದೆ; ಅಡಗಿರುವ ವೈರಾಣು ಮತ್ತೆ ಸಕ್ರಿಯವಾಗಬಹುದು.

ಗರ್ಭಿಣಿಯರು ಮತ್ತು ನವಜಾತ ಶಿಶುಗಳು

ಹತೋಟಿಯಲ್ಲಿಲ್ಲದ ಕರುಳಿನ ಉರಿಯೂತವು ಗರ್ಭಕ್ಕೆ ಔಷಧಕ್ಕಿಂತ ಹೆಚ್ಚು ಹಾನಿಕರವಾದುದರಿಂದ, ಗರ್ಭ ಧರಿಸಿದ ಕೂಡಲೇ ಸ್ವಯಂ ನಿರ್ಧಾರದಿಂದ ಔಷಧ ನಿಲ್ಲಿಸಬಾರದು. ಆದರೆ ಇನ್‌ಫ್ಲಿಕ್ಸಿಮ್ಯಾಬ್ ಮತ್ತು ಅಡಲಿಮ್ಯುಮ್ಯಾಬ್ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಹೊಕ್ಕುಳಬಳ್ಳಿಯ ಮೂಲಕ ಶಿಶುವನ್ನು ಸೇರಿ, ಹುಟ್ಟಿದ ಅನಂತರವೂ ತಿಂಗಳುಗಟ್ಟಲೆ ಅದರ ರಕ್ತದಲ್ಲಿ ಉಳಿಯುತ್ತವೆ. ನಮ್ಮ ಲಸಿಕಾ ಕಾರ್ಯಕ್ರಮದಲ್ಲಿ ಶಿಶುವಿಗೆ ಹುಟ್ಟಿದ ಕೂಡಲೇ ನೀಡುವ ಬಿ.ಸಿ.ಜಿ. ಜೀವಂತ ರೋಗಾಣುವಿನ ಲಸಿಕೆಯಾಗಿದೆ. ತಾಯಿ ಇನ್‌ಫ್ಲಿಕ್ಸಿಮ್ಯಾಬ್ ಪಡೆದಿದ್ದ ಶಿಶುವೊಂದು ಬಿ.ಸಿ.ಜಿ. ಲಸಿಕೆಯ ರೋಗಾಣುವೇ ದೇಹದಲ್ಲಿ ಹರಡಿ ಮೃತಪಟ್ಟ ಪ್ರಕರಣ 2010ರಲ್ಲಿ ವರದಿಯಾಗಿದೆ. ಆದುದರಿಂದ ಇಂತಹ ಶಿಶುಗಳಿಗೆ ಬಿ.ಸಿ.ಜಿ.ಯನ್ನು ಕನಿಷ್ಠ 6 ತಿಂಗಳವರೆಗೆ, ಔಷಧವನ್ನು ಅನುಸರಿಸಿ ಕೆಲವೊಮ್ಮೆ ಒಂದು ವರ್ಷದವರೆಗೆ ಮುಂದೂಡಲಾಗುತ್ತದೆ. ಇತರ ಜೀವಂತ ಲಸಿಕೆಗಳ ಬಗ್ಗೆ ಮಕ್ಕಳ ತಜ್ಞರ ಸಲಹೆ ಪಡೆಯಬೇಕು; ಉಳಿದ ಲಸಿಕೆಗಳನ್ನು ವೇಳಾಪಟ್ಟಿಯಂತೆಯೇ ಹಾಕಿಸತಕ್ಕದ್ದು.

ಹೆರಿಗೆ ಕೋಣೆಯಲ್ಲಿ ಬಿ.ಸಿ.ಜಿ. ನೀಡುವ ಸಿಬ್ಬಂದಿಗೆ ತಾಯಿಯ ಕರುಳಿನ ಕಾಯಿಲೆಯ ವಿಷಯ ತಿಳಿದಿರುವ ಸಂಭವ ಕಡಿಮೆ. ಔಷಧದ ಹೆಸರು ಹಾಗೂ ಕೊನೆಯ ಕಂತಿನ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಆಶಾ ಕಾರ್ಯಕರ್ತೆಗೂ ಜೊತೆಯಲ್ಲಿ ಬರುವ ಮನೆಯವರಿಗೂ ಮುಂಚಿತವಾಗಿ ತಿಳಿಸಿರಬೇಕು.

ಸೇವೆ ಪಡೆಯಲು ಬರುವವರ ಗಮನಕ್ಕೆ

ಮೊದಲ ಭೇಟಿಯನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿ, ಅಲ್ಲಿಂದ ಶಿಫಾರಸು ಪತ್ರ ಪಡೆದು ಕೊಲೊನೋಸ್ಕೋಪಿ ಸೌಲಭ್ಯವುಳ್ಳ ಆಸ್ಪತ್ರೆಗೆ ತೆರಳುವುದು ಅನುಕೂಲಕರ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಫಲಾನುಭವಿಗಳು ಪಡಿತರ ಚೀಟಿ ಹಾಗೂ ಆಧಾರ್ ಜೊತೆಗೆ ಈ ಪತ್ರವನ್ನೂ ತರಬೇಕು. ಸೂಚಿಸಿದ ಔಷಧವು ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿದೆಯೇ ಎಂಬುದನ್ನು ಹಣ ಪಾವತಿಸುವ ಮುನ್ನ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿಕೊಳ್ಳುವುದು. ಪರೀಕ್ಷೆಯಲ್ಲಿ ಕ್ಷಯವೆಂದು ದೃಢಪಟ್ಟಲ್ಲಿ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಔಷಧಗಳು ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ಮಾಸಿಕ ರೂ. 500ರಂತೆ ನೀಡಲಾಗುತ್ತಿದ್ದ ಪೌಷ್ಟಿಕ ಆಹಾರದ ಸಹಾಯಧನವನ್ನು 2024ರ ನವೆಂಬರ್ 1ರಿಂದ ರೂ. 1,000ಕ್ಕೆ ಏರಿಸಲಾಗಿದ್ದು, ಇದಕ್ಕೆ ರೋಗಿಯ ಬ್ಯಾಂಕ್ ಖಾತೆಯ ವಿವರ ಬೇಕಾಗುತ್ತದೆ.

ಹಿಂದಿನ ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ ವರದಿ, ಈವರೆಗೆ ಸೇವಿಸಿದ ಸ್ಟಿರಾಯ್ಡ್ ಹಾಗೂ ಕ್ಷಯದ ಔಷಧಗಳ ಚೀಟಿಗಳು, ಲಸಿಕೆಯ ವಿವರ ಇವುಗಳನ್ನು ಪ್ರತಿ ಭೇಟಿಯಲ್ಲಿಯೂ ತರತಕ್ಕದ್ದು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಮಾರಲಾಗುವ ಪುಡಿ, ಕಷಾಯ, ಟಾನಿಕ್‌ಗಳನ್ನು ಬಳಸುತ್ತಿದ್ದರೆ ಅವುಗಳ ಹೆಸರನ್ನೂ ವೈದ್ಯರಿಗೆ ತಿಳಿಸಬೇಕು. ಈ ಕಾಯಿಲೆಯಲ್ಲಿ ಹೆಚ್ಚಿಸಬೇಕಾದುದು ಆ ಶಕ್ತಿಯಲ್ಲ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ಸ್ವತಃ ಕೊಂಡು ಸೇವಿಸುವುದರಿಂದ ಕರುಳಿನ ಉರಿಯೂತ ಮರುಕಳಿಸಬಹುದು. ಚುಚ್ಚುಮದ್ದನ್ನು ಹೊರಗಿನಿಂದ ಕೊಂಡು ತರುವವರು ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ತಂಪು ಡಬ್ಬಿಯಲ್ಲಿಟ್ಟು ತರಬೇಕು. ಹೆಪ್ಪುಗಟ್ಟಿದ ಔಷಧವನ್ನು ಕರಗಿಸಿ ಬಳಸುವಂತಿಲ್ಲ.